ಉಪ್ಪಿಟ್ಟಿನ ತಟ್ಟೆಯ ಮುಂದೆ

ನಮ್ಮ ಕಡೆ ಹೆಣ್ಣು ನೋಡಲು ಹೋದರೆ ಉಪ್ಪಿಟ್ಟು, ಕೇಸರಿಬಾತು ಕೊಡದ ಮನೆಯಿಲ್ಲ. ಬಡವರಾಗಲಿ ಬಲ್ಲಿದರಾಗಲಿ, ಚಾಪೆ ಹಾಸಿ ಕೂರಿಸಿದ ಮೇಲೆ ಅವೆರಡೂ ಒಂದೇ ತಟ್ಟೆಯಲ್ಲಿ ಬರಲೇಬೇಕು. ಗಂಡು ಅದನ್ನು ತಿಂದರೆ ಮಾತು ಮುಂದುವರಿಯುತ್ತದೆ. ಮುಟ್ಟದೆ ಎದ್ದರೆ ಹೆಣ್ಣು ಬೇಡ ಅಂದ ಹಾಗೆ. ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಹೆಣ್ಣು ಹುಡುಕುತ್ತಿದ್ದ ದಿನಗಳಲ್ಲಿ, ನಾನು ಎಲ್ಲಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದುದು ಆ ತಟ್ಟೆಗೆ. ಎರಡೂ ಗೋಧಿ ರವೆಯವು. ಗೋಧಿ ನನಗೆ ಆಗುತ್ತಿರಲಿಲ್ಲ. ನಗುವವರು ನಗಲಿ, ಬೇರೆಯವರ ಕಥೆಯಾಗಿದ್ದರೆ ನಾನೂ ನಗುತ್ತಿದ್ದೆ.

ಊರಲ್ಲಿದ್ದಷ್ಟು ದಿನ ನನ್ನ ಹೊಟ್ಟೆ ತನ್ನ ಪಾಡಿಗೆ ತಾನಿತ್ತು. ಎರಡು ಹೊತ್ತು ಮುದ್ದೆ, ಉಪ್ಸಾರು, ಒಂದಿಷ್ಟು ಅನ್ನ. ಗೋಧಿ ಮನೆಗೆ ಬರುತ್ತಿದ್ದುದು ಹಬ್ಬದ ಒಬ್ಬಟ್ಟಿನ ಹೊತ್ತಿಗೆ ಮಾತ್ರ. ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿ, ಬಾಡಿಗೆ ಕೋಣೆ ಹಿಡಿದು, ಬೆಳಿಗ್ಗೆ ಪೂರಿ, ರಾತ್ರಿ ಪರೋಟ ಎಂದು ಹೋಟೆಲಿನಲ್ಲಿ ತಿನ್ನತೊಡಗಿದ ಮೇಲೆ ಶುರುವಾಯಿತು. ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತಿತ್ತು. ಪಾಠವನ್ನು ನಡುವೆಯೇ ಬಿಟ್ಟು ಹೊರಗೆ ಓಡಬೇಕಾಗುತ್ತಿತ್ತು. ಬಾಯಿ ತುಂಬ ಹುಣ್ಣು, ಕೀಲುಕೀಲಿನಲ್ಲಿ ನೋವು. ಎಲ್ಲಕ್ಕಿಂತ ಹೆದರಿಸಿದ್ದು ತಲೆಗೆ ಕವಿಯುತ್ತಿದ್ದ ಮಂಕು. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಂತೆ ಮುಂದಿನ ಸಾಲು ಮರೆತುಹೋಗುತ್ತಿತ್ತು. ಸೀಮೆಸುಣ್ಣ ಹಿಡಿದು ಬೋರ್ಡಿಗೆ ಮುಖ ಮಾಡಿ ನಿಂತುಬಿಡುತ್ತಿದ್ದೆ. ಬೆನ್ನ ಹಿಂದೆ ಮಕ್ಕಳ ಪಿಸುಮಾತು ಕೇಳಿಸುತ್ತಿತ್ತು. ನನಗೆ ಹುಚ್ಚು ಹಿಡಿಯುತ್ತಿದೆ ಎಂದೇ ಅಂದುಕೊಂಡಿದ್ದೆ.

ಹೊಟ್ಟೆ ಕೆಟ್ಟರೆ ನಮ್ಮವರು ಮೊದಲು ಬಿಡಿಸುವುದು ಮುದ್ದೆಯನ್ನು. ಮುದ್ದೆ ಭಾರ, ಬ್ರೆಡ್ಡು ಹಗುರ ಎಂಬುದು ಎಲ್ಲರೂ ನಂಬಿದ ಮಾತು. ಯಾರಾದರೂ ಮಲಗಿದ್ದಾರೆಂದು ಕೇಳಿದರೆ ಸಾಕು, ನೋಡಲು ಬರುವವರ ಕೈಯಲ್ಲಿ ಒಂದು ಪೌಂಡು ಬ್ರೆಡ್ಡು ಇದ್ದೇ ಇರುತ್ತದೆ. ನನ್ನ ಕೋಣೆಯ ಮಾಲೀಕರು ಮುಸ್ಲಿಮರು, ಲಾರಿ ಇಟ್ಟಿದ್ದವರು. ಆ ಮನೆಯ ತಾಯಿ ಹಾಲಿನಲ್ಲಿ ಬ್ರೆಡ್ಡು ಅದ್ದಿ ತಂದಿಟ್ಟು, “ತಿನ್ನು ಬೇಟಾ, ಮುದ್ದೆ ತಿಂದು ತಿಂದು ಪೇಟ್ ಖರಾಬ್ ಮಾಡ್ಕೊಂಡಿದೀಯ” ಎನ್ನುತ್ತಿದ್ದರು. ಅವರ ಪ್ರೀತಿಗೆ ಬೇಡ ಎನ್ನಲಾಗದೆ ತಿಂದೆ. ರವೆ ಗಂಜಿ ಕುಡಿದೆ, ಬನ್ನು ತಿಂದೆ. ಗುಣವಾಗಲೆಂದು ತಿಂದಷ್ಟೂ ಸೊರಗಿದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಅವ್ವನ ಮುದ್ದೆಗೆ ಬಿದ್ದ ಮೇಲೆ ಎದ್ದು ಕೂತೆ. ಪೇಟೆಗೆ ವಾಪಸು ಬಂದು ಪೂರಿ ತಿಂದ ದಿನವೇ ಮತ್ತೆ ಮಲಗಿದೆ. ದಸರಾ ರಜೆಯಲ್ಲೂ ಹಾಗೆಯೇ ಆದಾಗ ಗಣಿತದ ಮೇಷ್ಟ್ರಿಗೆ ಕೊನೆಗೂ ಲೆಕ್ಕ ಹೊಳೆಯಿತು.

ಮೈಸೂರಿನ ಡಾಕ್ಟರೊಬ್ಬರು, ಗೋಧಿಯಿಂದ ಬರುವ ಕಾಯಿಲೆಯೊಂದಿದೆ, ಸೀಲಿಯಾಕ್ ಅಂತಾರೆ, ನೋಡೇಬಿಡೋಣ ಎಂದರು. ಪರೀಕ್ಷೆಯವರೆಗೂ ಗೋಧಿ ಬಿಡಬೇಡಿ ಎಂದಿದ್ದರಿಂದ ಹಲ್ಲು ಕಚ್ಚಿ ಚಪಾತಿ ತಿಂದೆ. ಬಾಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದರು. ಕೊನೆಗೆ ಕರೆದು ಹೇಳಿದರು: “ಕರುಳು ಚೆನ್ನಾಗಿದೆ. ಆ ಕಾಯಿಲೆ ನಿಮಗಿಲ್ಲ.”

“ಹಾಗಾದ್ರೆ ಇದೇನು ಸಾರ್?”

“ಗೊತ್ತಿಲ್ಲ. ಗೋಧಿ ಬಿಟ್ರೆ ಚೆನ್ನಾಗಿರ್ತೀರಿ ಅಂದ್ರೆ ಬಿಟ್ಟುಬಿಡಿ.”

ಪ್ರಾಮಾಣಿಕ ಮನುಷ್ಯ. ಆದರೂ ಆ ‘ಗೊತ್ತಿಲ್ಲ’ ಎಂಬ ಮಾತು ನನ್ನ ಬೆನ್ನು ಬಿಡಲಿಲ್ಲ. ಕಾಯಿಲೆ ಇಲ್ಲ ಎಂದರೆ ಅಳುವವನು ನಾನೊಬ್ಬನೇ ಇರಬೇಕು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಹೆಸರಿರುವ ಕಾಯಿಲೆಯಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯಾರನ್ನಾದರೂ ಕೇಳಬಹುದು. ಇದನ್ನು ಯಾರನ್ನು ಕೇಳುವುದು?

ಅವ್ವನಿಗೆ ಕೇಳಿಸಿದ್ದೇ ಬೇರೆ. “ಏನೂ ಇಲ್ಲ ಅಂದ್ರಾ? ಅಂಗಾದ್ರೆ ಮನ್ಸಿನ ಕಾಯ್ಲೆ ಕಣ್ಲಾ. ಮದ್ವೆ ಆದ್ರೆ ಸರೋಯ್ತದೆ ಬುಡು” ಎಂದು ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ಹೆಣ್ಣು ಹುಡುಕುವ ಕೆಲಸ ಸೋದರಮಾವನ ಹೆಗಲಿಗೆ ಬಿತ್ತು.

ನಾನು ಗೋಧಿ ಬಿಟ್ಟೆ, ಗೋಧಿ ನನ್ನನ್ನು ಬಿಡಲಿಲ್ಲ. ಹಿಟ್ಟಿನ ಮಿಲ್ಲಿನಲ್ಲಿ ನನಗಿಂತ ಮುಂಚೆ ಯಾರಾದರೂ ಗೋಧಿ ಬೀಸಿಸಿದ್ದರೆ ಅದರ ಹಿಟ್ಟು ನನ್ನ ರಾಗಿಗೆ ಸೇರುತ್ತಿತ್ತು. ಆದ್ದರಿಂದ ಸರದಿ ಬಂದರೂ ಬಿಟ್ಟುಕೊಟ್ಟು, ಇನ್ನೊಬ್ಬರ ರಾಗಿ ಬೀಸಿ ಮುಗಿಯುವವರೆಗೆ ಮೂಲೆಯಲ್ಲಿ ನಿಲ್ಲುತ್ತಿದ್ದೆ. “ಮೇಷ್ಟ್ರು ಮಡಿ ಕಣ್ರಪ್ಪಾ” ಎಂದು ಹೆಂಗಸರು ನಗುತ್ತಿದ್ದರು. ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಬೆರೆತಿರುತ್ತದೆಂದು ತಿಳಿದ ದಿನ ಸಾರಿನ ಒಗ್ಗರಣೆಗೂ ಹೆದರಿದೆ. ಕೆಲವೊಮ್ಮೆ ನನಗೇ ಅನುಮಾನ ಬರುತ್ತಿತ್ತು: ಅವ್ವ ಹೇಳುವುದೇ ನಿಜವಾಗಿದ್ದರೆ?

ಮೊದಲು ಹೆಣ್ಣು ನೋಡಿದ ಪಾಂಡವಪುರದ ಹತ್ತಿರದ ಮನೆಯಲ್ಲಿ ಹೊಟ್ಟೆ ಸರಿಯಿಲ್ಲವೆಂದು ತಟ್ಟೆ ಮುಟ್ಟಲಿಲ್ಲ. ಹುಡುಗನಿಗೆ ಧಿಮಾಕು ಎಂದು ಸುದ್ದಿಯಾಯಿತು. ಶ್ರೀರಂಗಪಟ್ಟಣದ ಎರಡನೇ ಮನೆಯಲ್ಲಿ ಮಾವನ ಕಣ್ಣಿಗೆ ಹೆದರಿ ತಟ್ಟೆ ಖಾಲಿ ಮಾಡಿದೆ. ವಾಪಸು ಬರುವಾಗ ಕಂಡಕ್ಟರನ ಕೈಕಾಲು ಹಿಡಿದು ಬಸ್ಸು ನಿಲ್ಲಿಸಿ ಕಬ್ಬಿನ ಗದ್ದೆಗೆ ಓಡಿದೆ. ನಮ್ಮ ಗ್ರಹಚಾರಕ್ಕೆ ಅದೇ ಬಸ್ಸಿನಲ್ಲಿ ಹೆಣ್ಣಿನ ಕಡೆಯ ನೆಂಟನೊಬ್ಬನಿದ್ದ. ಹುಡುಗನಿಗೆ ಕರುಳಿನ ರೋಗವಂತೆ ಎಂಬ ಮಾತು ನಮಗಿಂತ ಮೊದಲು ಊರು ಸೇರಿತು. ಕೋಣೆಯಲ್ಲಿ ಒಬ್ಬನೇ ಮುದ್ದೆ ತಿರುವಿಕೊಂಡು ಉಣ್ಣಲು ಕೂತರೆ, ಸಾಯುವವರೆಗೂ ಹೀಗೇನಾ ಎನಿಸಿ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಮೂರನೆಯ ಮನೆ ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹತ್ತಿರದ ಹಳ್ಳಿಯಲ್ಲಿ. ಬಸ್ಸಿನಲ್ಲಿ ನಾನು ಬಾಗಿಲ ಪಕ್ಕದ ಸೀಟು ಹಿಡಿದಿದ್ದೆ. ಆಗೆಲ್ಲ ನನಗೆ ಅದೇ ಅಭ್ಯಾಸ. ಮಾವ ಕಿವಿಯ ಹತ್ತಿರ ಬಗ್ಗಿ, “ಇಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ ಕಣ್ಲಾ. ನೀನ್ ನೋಡುದ್ರೆ ರವೆಗೆ ಎದರ್ಕತೀಯ. ಡಾಕ್ಟ್ರೇ ಏನೂ ಇಲ್ಲ ಅಂದವ್ರೆ. ನಾಕು ತುತ್ತು ನುಂಗ್ಬುಡು, ಆಮೇಕೆ ನಾನ್ ನೋಡ್ಕತೀನಿ” ಎಂದ.

“ಏನ್ ನೋಡ್ಕತೀಯ ಮಾವ, ಕಬ್ಬಿನ ಗದ್ದೆನಾ?” ಎಂದು ರೇಗಿದೆ.

ಅವ್ವ ಮುಂದಿನ ಸೀಟಿನಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಅದನ್ನು ನೋಡಲಾರದೆ, ಏನಾದರಾಗಲಿ ತಿಂದೇಬಿಡುತ್ತೇನೆ ಎಂದು ತೀರ್ಮಾನಿಸಿದೆ.

ತಟ್ಟೆ ತಂದವಳು ಹುಡುಗಿಯೇ. ತಲೆ ತಗ್ಗಿಸದೆ ನೇರವಾಗಿ ನನ್ನ ಮುಖ ನೋಡಿದಳು. ನನಗೆ ಹಿಡಿಸಿದಳು. ಹಿಡಿಸದಿದ್ದರೆ ಎಷ್ಟೋ ಸುಲಭವಿತ್ತು. ಉಪ್ಪಿಟ್ಟಿನಿಂದ ಹಬೆ ಏಳುತ್ತಿತ್ತು. ಒಂದು ತುತ್ತು ಕೈಗೆತ್ತಿಕೊಂಡೆ. ಇವತ್ತು ಇದನ್ನು ತಿಂದರೆ ನಾಳೆ ಇವಳ ಕೈಯ ಚಪಾತಿಯನ್ನೂ ತಿನ್ನಬೇಕು. ತಿಂದು, ಹಿತ್ತಲಿಗೆ ಓಡಿ, ಏನಿಲ್ಲ ಏನಿಲ್ಲ ಎನ್ನುತ್ತ ಬದುಕು ಸವೆಸಬೇಕು. ತುತ್ತನ್ನು ತಟ್ಟೆಗೇ ಹಾಕಿದೆ.

“ನಂಗೆ ಗೋದಿ ಆಗಾಕಿಲ್ಲ. ತಿಂದ್ರೆ ಉಸಾರು ತಪ್ತೀನಿ. ಎಣ್ಣು ಬ್ಯಾಡ ಅಂತಲ್ಲ” ಎಂದೆ.

ಮಾವನ ಮುಖ ಕಪ್ಪಿಟ್ಟಿತು. ಹುಡುಗಿಯ ತಂದೆ ಕಾಫಿ ಲೋಟ ಕೆಳಗಿಟ್ಟರು. “ಏನ್ ಕಾಯ್ಲೆ ಅದು?”

“ಅದ್ಕೆ ಎಸ್ರಿಲ್ಲ. ಪರೀಕ್ಸೆ ಮಾಡುಸ್ದೆ, ಏನೂ ಸಿಕ್ನಿಲ್ಲ.”

“ಏನೂ ಸಿಕ್ದೆ ಇದ್ಮೇಲೆ ಕಾಯ್ಲೆ ಎಂಗಾಯ್ತದೆ ಮೇಷ್ಟ್ರೆ?”

ಅವರದು ನ್ಯಾಯವಾದ ಪ್ರಶ್ನೆ. ನಿಜ ಹೇಳುತ್ತಿದ್ದರೂ ಸುಳ್ಳು ಹೇಳಿ ಸಿಕ್ಕಿಬಿದ್ದವನ ಹಾಗೆ ಚಾಪೆಯ ಅಂಚು ನೋಡುತ್ತ ಕೂತೆ. ಅವ್ವ ಎದ್ದು ಹೊರಡಲು ಸೆರಗು ಸರಿಮಾಡಿಕೊಂಡಳು.

ಹುಡುಗಿ ಒಳಗೆ ಹೋಗಿರಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದವಳು ನನ್ನನ್ನೇ ಕೇಳಿದಳು: “ಮಕ್ಕುಳ್ಗೂ ಬತ್ತದಾ?”

ಹೆಣ್ಣು ನೋಡುವ ದಿನವೇ ಹುಡುಗಿ ಮಕ್ಕಳ ಮಾತೆತ್ತುವುದೆಂದರೆ! ಅವಳ ತಂದೆ “ಒಳಿಕ್ಕೆ ಓಗಮ್ಮಿ” ಎಂದು ಗದರಿದರು. ಅವಳು ಕದಲಲಿಲ್ಲ. ಮೈಸೂರಿನ ಡಾಕ್ಟರನ್ನು ನಾನು ಏನೆಲ್ಲ ಕೇಳಿದ್ದೆ. ಸಾಯುತ್ತೇನಾ, ಹುಚ್ಚು ಹಿಡಿಯುತ್ತದಾ, ಕೆಲಸ ಹೋಗುತ್ತದಾ. ಇದೊಂದನ್ನು ಕೇಳಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ.

“ಗೊತ್ತಿಲ್ಲ” ಎಂದೆ.

ಅವಳು ಬಂದು ತಟ್ಟೆ ಎತ್ತಿಕೊಂಡಳು. “ನಂಗೂ ಭಯ ಆಯ್ತದೆ” ಎಂದು ನನಗಷ್ಟೇ ಕೇಳಿಸುವಂತೆ ಹೇಳಿ ಒಳಗೆ ಹೋದಳು.

ಇನ್ನು ನಿನ್ನ ಜೊತೆ ಹೆಣ್ಣು ನೋಡಲು ಬಂದರೆ ಕೇಳು ಎಂದು ಮಾವ ಆಣೆಯಿಟ್ಟ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಒಂದು ದಿನ ಅವಳ ತಂದೆಯೇ ಸ್ಕೂಲಿನ ಹತ್ತಿರ ಬಂದು ಹೊಂಗೆ ಮರದ ಕೆಳಗೆ ನಿಂತಿದ್ದರು. “ನಾವೆಲ್ಲ ಬ್ಯಾಡ ಅಂದೋ. ಅವ್ಳು ಊಂ ಅಂದವ್ಳೆ. ಯಾಕೆ ಅಂದ್ರೆ, ಇರಾದ್ನ ಇದ್ದಂಗೆ ಏಳುದ್ರಲ್ಲ ಅಂತಾಳೆ” ಎಂದರು.

ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಂಗೈಗೆ ಬಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳುವಾಗ, ಮಕ್ಕಳಿಗೂ ಬರುತ್ತದಾ ಎಂದು ಅವಳು ಕೇಳಿದ್ದು ನೆನಪಾಯಿತು. ಆ ಹುಡುಗಿ ಹೆದರಿಕೊಂಡೇ ಒಪ್ಪಿದ್ದಳು. ಇನ್ನು ನನ್ನದೊಂದು ಹೊಟ್ಟೆಗೆ ಹೆದರಿ ಕೂತರೆ ಸಾಲದಾಗಿತ್ತು.