ಎರವಲು ಸೀರೆ ಉಟ್ಟು ಹುನಗುಂದಕ್ಕೆ

ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಮಾತನ್ನು ನಾನು ಸುಲಭವಾಗಿ ನಂಬುವವನಲ್ಲ. ಈ ನೆನಪನ್ನೂ ಪೂರ್ತಿ ನಂಬಲಾರೆ. ಕಣ್ಣಾರೆ ಕಂಡದ್ದು ಯಾವುದು, ಅವ್ವ ಹೇಳಿ ಹೇಳಿ ಕಂಡಂತಾದದ್ದು ಯಾವುದು ಎಂದು ಬೇರ್ಪಡಿಸುತ್ತ ಕೂರುವುದು ಧಾರವಾಡದಲ್ಲಿ ಓದುವಾಗ ಅಂಟಿದ ಚಟ.

ಎಪ್ಪತ್ತರ ದಶಕದ ಕೊನೆ, ಬೇಸಿಗೆ ಇರಬೇಕು. ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗದ ಸಪ್ಪಳ, ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ. ಪಕ್ಕದ ಮನೆಯ ಮುದುಕಿ ನೀಲವ್ವಾಯಿಗೆ ಕಣ್ಣು ಮಂಜಾಗಿ, ಎಳೆ ಕಾಣದೆ, ಮಗ್ಗ ನಿಂತುಹೋಗಿತ್ತು. ಗಂಡನಿಲ್ಲ, ಮಕ್ಕಳಿಲ್ಲ. ದಿನಕ್ಕೊಂದು ಮನೆಯ ರೊಟ್ಟಿ. ಸರಕಾರ ಮುದುಕರಿಗೆ ಪಗಾರ ಕೊಡುತ್ತದೆಂಬ ಸುದ್ದಿ ತಂದವಳು ನಮ್ಮ ಓಣಿಯ ಫಾತಿಮಾ ಖಾಲಾ. ದವಾಖಾನೆ, ರೇಶನ್ನು, ಕಚೇರಿ, ಯಾರದೇ ಕೆಲಸವಿದ್ದರೂ ಕೈಹಿಡಿದು ಕರೆದೊಯ್ಯುವವಳು ಅವಳೇ. ಆಯಿಯ ಅರ್ಜಿ ಹಾಕಿಸಿದಳು. ಹುನಗುಂದದ ಮಾಮಲೇದಾರ ಕಚೇರಿಯಿಂದ ಕರೆ ಬಂತು.

ಪರವೂರಿಗೆ ಹೊರಟವರು ಹರಕು ಸೀರೆಯಲ್ಲಿ ಹೋದರೆ ನೇಕಾರರ ಓಣಿಗೇ ಅವಮಾನ. ಅವ್ವ ಟ್ರಂಕಿನ ತಳದಲ್ಲಿದ್ದ ರೇಷ್ಮೆ ಸೆರಗಿನ ಸೀರೆ ತೆಗೆದು ಆಯಿಗೆ ಉಡಿಸಿದಳು. ಎದುರುಮನೆಯ ಗೌರವ್ವ ಚಪ್ಪಲಿ ಕೊಟ್ಟಳು. ಆಯಿಯ ಜೊತೆ ಖಾಲಾ ಹೊರಟಳು, ಸೀರೆಯ ಚಿಂತೆಗೆ ಅವ್ವನೂ ಹೊರಟಳು, ಅವ್ವನ ಹಿಂದೆ ನಾನು.

ಬಸ್ಸಿನಲ್ಲಿ ಅವ್ವನದು ಒಂದೇ ವರಾತ. "ಕಿಡಕಿ ಕಬ್ಬಿಣಕ್ಕ ಆನಬ್ಯಾಡ ಆಯಿ, ಸೀರಿಗೆ ಜಂಗ ಹತ್ತತೈತಿ."

"ಇಲ್ಲಿ ನಾ ಕುಂತೇನೋ, ನಿನ್ನ ಸೀರಿ ಕುಂತೈತೋ?" ಎಂದಳು ಆಯಿ.

ಕಚೇರಿಯಲ್ಲಿ ಸಾಹೇಬರು ಆಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಂಥಾ ಸೀರಿ ಉಟ್ಟಾಕಿಗೆ ಸರಕಾರದ ಪಗಾರ ಎದಕ್ಕವಾ?" ಎಂದು ಕಾಗದ ಬದಿಗೆ ಸರಿಸಿದರು. ಆಯಿ ತಲೆ ತಗ್ಗಿಸಿದಳು. ಖಾಲಾ ಅವ್ವನ ಮೊಣಕೈ ತಿವಿದಳು.

"ಸೀರಿ ನಂದ್ರಿ," ಎಂದಳು ಅವ್ವ.

"ಚಪ್ಪಲಿ?"

"ಅವು ಗೌರವ್ವನವ್ರಿ."

"ಹಂಗಾರ ಈಕೀದೇನೈತಿ?"

ಖಾಲಾ ಮುಂದೆ ಬಂದಳು. "ಏನೂ ಇಲ್ರಿ ಸಾಹೇಬ್ರ. ಇದ್ದಿದ್ರ ಯಾಕ ಬರ್ತಿದ್ವಿ? ಸರಕಾರದ ಮನಿಗೆ ಹೊಂಟಾಳಂತ ಓಣ್ಯಾಗಿನವ್ರೆಲ್ಲಾ ಕೂಡಿ ಚಂದ ಮಾಡಿ ಕಳಿಸೇವ್ರಿ. ತಪ್ಪಾತೇನ್ರಿ?"

ಫ್ಯಾನು ಕಿರ್ರೆನ್ನುತ್ತಿತ್ತು. ಸಾಹೇಬರು ಎದ್ದರು. ಮೇಜು ಬಳಸಿ ಬಂದು, ಆಯಿಯ ಕೈಯನ್ನು ತಾವೇ ಹಿಡಿದು, ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರು. ಅದುವರೆಗೆ ನನ್ನ ಪಾಲಿಗೆ ಸರಕಾರವೆಂದರೆ ಧೂಳೆಬ್ಬಿಸಿ ಹೋಗುವ ಜೀಪು. ಅದಕ್ಕೆ ಕಿವಿ ಇದೆ, ನಮ್ಮ ಖಾಲಾನ ಮಾತಿಗೆ ಅದು ಕುರ್ಚಿ ಬಿಟ್ಟು ಏಳುತ್ತದೆ! ಬಾಯಿ ತೆರೆದು ನಿಂತುಬಿಟ್ಟೆ.

ಆಯಿ ರೂಢಿಯಂತೆ ಬೆರಳನ್ನು ಸೆರಗಿಗೆ ಒರೆಸಿದಳು.

"ಅಯ್ಯಯ್ಯ, ನನ್ನ ಸೆರಗ!" ಎಂದು ಅವ್ವ ಚೀರಿದ್ದಕ್ಕೆ ಕಚೇರಿಯೇ ನಕ್ಕಿತು.

ಪಗಾರ ಬಂತು. ಮೊದಲ ತಿಂಗಳು ಆಯಿ ಓಣಿಯ ಮಕ್ಕಳಿಗೆಲ್ಲ ಚುರುಮುರಿ, ಮಿರ್ಚಿ ಭಜಿ ತಿನ್ನಿಸಿದಳು. ಆ ಖಾರ ಇನ್ನೂ ನಾಲಿಗೆಯಲ್ಲಿದೆ ಎಂದರೆ ಸುಳ್ಳಾದೀತು.

ಈಗ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು, ಮಸಿಯೂ ಬೇಡ. ಅನುಕೂಲವೇ, ಅಲ್ಲವೆನ್ನುವುದಿಲ್ಲ. ಆದರೆ ಓಣಿಯಲ್ಲಿ ಈಗ ಖಾಲಾ ಇಲ್ಲ, ಕಚೇರಿಗೆ ಹೊರಟವರಿಗೆ ಸೀರೆ ಉಡಿಸಿ, ಜೊತೆಗೆ ಬಸ್ಸು ಹತ್ತುವವರೂ ಇಲ್ಲ.

ಸಾಹೇಬರು ಎದ್ದರೆಂದು ಅವ್ವ ಹೇಳುತ್ತಾಳೆ. ಕುಳಿತೇ ನಕ್ಕರೆಂದು ಖಾಲಾ ಹೇಳುತ್ತಿದ್ದಳು. ಯಾವುದು ಖರೆಯೋ ತಿಳಿಯದು. ಕಳೆದ ವರ್ಷ ಅವ್ವನ ಟ್ರಂಕು ತೆಗೆಸಿ ಆ ಸೀರೆ ಬಿಡಿಸಿ ನೋಡಿದೆ. ಕೆಂಪು ಸೆರಗಿನಲ್ಲಿ ನೇಯ್ದ ಬಿಳಿ ತೆನೆಯ ಚಿತ್ತಾರದ ಮೇಲೆ, ಹೆಬ್ಬೆಟ್ಟಿನಗಲದ ನೀಲಿ ಕಲೆ ಇದೆ.