ನನ್ನ ಪರಿಚಯಕ್ಕೆ ಇನ್ನೊಬ್ಬರ ಕಥೆ

ನನಗೆ ಬಾಯಿ ಸ್ವಲ್ಪ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಆಂಡರ್ಸನ್‌ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಗಿದ್ದರೂ ಹೇಳುತ್ತಾರೆ. ಹದಿನೆಂಟು ವರ್ಷ ಅಲ್ಲಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡಿದೆ. ಉದಾಹರಣೆ ಕೊಡದೆ ಒಂದು ಪಾಠವನ್ನೂ ಮುಗಿಸಿದವಳಲ್ಲ. ಮಕ್ಕಳು ನಕ್ಕರೆ ಪಾಠ ತಲೆಗೆ ಹೋಯಿತು ಅಂತ ನನ್ನ ನಂಬಿಕೆ. ನಲವತ್ತೈದು ದಾಟಿದ ಮೇಲೆ ಜನರ ಕಷ್ಟಸುಖ ಕೇಳುವ ಕೆಲಸ ಕಲಿಯಬೇಕೆಂಬ ಹುಚ್ಚು ಹಿಡಿದು ಆಪ್ತಸಮಾಲೋಚನೆಯ ಕೋರ್ಸಿಗೆ ಸೇರಿದೆ. "ಕೇಳೋ ಕೆಲಸಾನಾ? ನೀನಾ?" ಅಂತ ನನ್ನ ಯಜಮಾನರು ಕಾಫಿ ಲೋಟ ಕೆಳಗಿಟ್ಟು ನಕ್ಕರು. ಆವತ್ತು ಅವರ ಮೇಲೆ ಉರಿದುಬಿದ್ದಿದ್ದೆ. ಎರಡು ದಿನ ಮಾತು ಬಿಟ್ಟಿದ್ದೆ ಕೂಡ.

ಕೋರ್ಸಿನ ಎರಡನೆಯ ವರ್ಷ ನಿಜವಾದ ಜನರ ಜೊತೆ ಕೂತು ಕಲಿಯಬೇಕು. ನನ್ನನ್ನು ಬಂಗಾರಪೇಟೆಯ ಒಂದು ಸಣ್ಣ ಸಂಸ್ಥೆಗೆ ಹಾಕಿದರು. ಒಂದು ಕೋಣೆ, ಎರಡು ಕುರ್ಚಿ, ಗೊರಗೊರ ಅನ್ನುವ ಫ್ಯಾನು. ನನ್ನ ಕೆಲಸ ತಿದ್ದುವುದಕ್ಕೆ ಅನುಭವಸ್ಥ ಮೇಡಂ ಒಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಮೊದಲ ದಿನವೇ ಅವರು, "ನಿನ್ನ ಬಗ್ಗೆ ಒಂದು ಪುಟ ಬರಿ. ನೀನು ಯಾರು, ಹೇಗೆ ಕೆಲಸ ಮಾಡ್ತೀಯ, ಇಷ್ಟೇ. ಇನ್ನೂ ಕಲೀತಿದ್ದೀನಿ ಅನ್ನೋದನ್ನ ಮುಚ್ಚಿಡಬೇಡ. ಬರೋರಿಗೆ ತಾವು ಯಾರ ಹತ್ತಿರ ಬರ್ತಿದ್ದೀವಿ ಅಂತ ಗೊತ್ತಿರಬೇಕು" ಅಂದರು.

ಬರೆದೆ. 'ನಾನು ಇನ್ನೂ ತರಬೇತಿಯಲ್ಲಿರುವವಳು. ಡಾಕ್ಟರಲ್ಲ, ಮಾತ್ರೆ ಕೊಡುವುದಿಲ್ಲ. ಹೀಗೆ ಮಾಡಿ ಹಾಗೆ ಮಾಡಿ ಅಂತ ಬುದ್ಧಿ ಹೇಳುವುದೂ ಇಲ್ಲ. ನಿಮ್ಮ ಜೊತೆ ಕೂತು, ನಿಮ್ಮ ದಾರಿ ನಿಮಗೇ ಕಾಣುವವರೆಗೆ ಕೇಳುತ್ತೇನೆ. ಕನ್ನಡ, ತಮಿಳು, ತೆಲುಗು, ಯಾವುದು ಬಾಯಿಗೆ ಬರುತ್ತದೋ ಅದರಲ್ಲಿ ಮಾತಾಡಿ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಹೊರತು, ಇಲ್ಲಿ ಆಡಿದ ಮಾತು ಈ ಕೋಣೆ ದಾಟುವುದಿಲ್ಲ.' ಕೊನೆಯ ಸಾಲಿನ ಕೆಳಗೆ ಮೇಡಂ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದರು. ಅದನ್ನು ಜೆರಾಕ್ಸ್ ಮಾಡಿಸಿ ಸಿಕ್ಕವರಿಗೆಲ್ಲ ಹಂಚಿದೆ.

ಹಾಗೆ ಬಂದ ಮೊದಲಿಗರಲ್ಲಿ ಒಬ್ಬರು ನಮ್ಮ ರೈಲಿನವರೇ. ನಾನು ಬೆಳಿಗ್ಗೆ ಮಾರಿಕುಪ್ಪಂನಲ್ಲಿ ಹತ್ತಿ ಬಂಗಾರಪೇಟೆಯಲ್ಲಿ ಇಳಿಯುವವಳು. ಅವರು ಕೋರಮಂಡಲ್‌ನಲ್ಲಿ ಹತ್ತಿ ಬೆಂಗಳೂರಿನವರೆಗೆ ಕೆಲಸಕ್ಕೆ ಹೋಗುವವರು. ಹೆಂಗಸರ ಬೋಗಿಯಲ್ಲಿ ದಿನಾ ಮುಖ ನೋಡುತ್ತಿದ್ದೆವು. ವಾರದ ರಜೆಯ ದಿನ ನನ್ನ ಕೋಣೆಗೆ ಬಂದು ಎದುರಿನ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಮಗಳ ಓದು, ನೀರು ಬಾರದ ನಲ್ಲಿ, ಅತ್ತೆಯ ಮಂಡಿನೋವು ಎಲ್ಲ ಮಾತಾಡಿ, ಕೊನೆಗೊಂದು ದಿನ ನಿಜವಾದ ವಿಷಯಕ್ಕೆ ಬಂದರು. ಮನೆ ಬಿಟ್ಟರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ದಿಗಿಲು. ಅರ್ಧ ದಾರಿಯಿಂದ ವಾಪಸು ಹೋಗಿ ನೋಡುವುದು, ಮತ್ತೆ ಬರುವುದು, ಮತ್ತೆ ಹೋಗುವುದು. ರೈಲು ತಪ್ಪಿ ತಪ್ಪಿ ಕೆಲಸಕ್ಕೇ ಕುತ್ತು ಬರುವ ಹಾಗಾದಾಗ, ಸಿಲಿಂಡರಿನ ರೆಗ್ಯುಲೇಟರನ್ನೇ ಕಿತ್ತು, ಹಳೆ ರವಿಕೆ ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನಲ್ಲಿ ಹಾಕಿಕೊಂಡು ಬರತೊಡಗಿದ್ದರು. ಅದನ್ನು ಮುಟ್ಟಿ ನೋಡಿಕೊಂಡರೆ ಸಮಾಧಾನ. "ನನ್ ಗಂಡಂಗೂ ಗೊತ್ತಿಲ್ಲ. ಗೊತ್ತಾದ್ರೆ ಉಚ್ಚಿ ಅಂತ ತೌರುಮನೇಗೆ ಕಳುಸ್ತಾನೆ" ಅಂದಿದ್ದರು. ಈ ಬರಹದಲ್ಲಿ ರೆಗ್ಯುಲೇಟರ್ ಎಂದು ಬರೆದಿದ್ದೇನೆ, ಅದು ರೆಗ್ಯುಲೇಟರ್ ಅಲ್ಲ. ಕೋರಮಂಡಲ್ ಕೂಡ ಕೋರಮಂಡಲ್ ಅಲ್ಲ, ಅವರ ಗುರುತು ಸಿಗಬಾರದೆಂದು ಬದಲಾಯಿಸಿದ್ದೇನೆ. ಆಗ ಬಾರದ ಬುದ್ಧಿ ಈಗ ಬಂದಿದೆ.

ನಮ್ಮ ಬೋಗಿಯಲ್ಲಿ ಒಂದು ಪದ್ಧತಿ. ಸೀಟು ಸಿಕ್ಕಿ ಕೂತವರು ನಿಂತವರ ಬ್ಯಾಗುಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಯಾರೂ ಕೇಳಬೇಕಾಗಿಲ್ಲ. ಹತ್ತಿದವರ ಕೈಯಿಂದ ಬ್ಯಾಗು ತಾನೇ ಯಾರದೋ ಮಡಿಲಿಗೆ ಹೋಗಿ ಕೂರುತ್ತದೆ. ಒಬ್ಬೊಬ್ಬರ ತೊಡೆಯ ಮೇಲೆ ನಾಲ್ಕು ಊಟದ ಡಬ್ಬಿ, ಮೂರು ವ್ಯಾನಿಟಿ ಬ್ಯಾಗು. ಅವರೊಬ್ಬರು ಮಾತ್ರ ಯಾರಿಗೂ ಬ್ಯಾಗು ಕೊಡುತ್ತಿರಲಿಲ್ಲ. ಎಷ್ಟೇ ನೂಕುನುಗ್ಗಲಿರಲಿ, ಎದೆಗವುಚಿಕೊಂಡೇ ನಿಲ್ಲುತ್ತಿದ್ದರು. "ಒಳಗೆ ಏನ್ ಬಂಗಾರ ಐತೇನಕ್ಕಾ?" ಅಂತ ರೇಗಿಸಿ ರೇಗಿಸಿ ಸಾಕಾಗಿ ಎಲ್ಲರೂ ಸುಮ್ಮನಾಗಿದ್ದರು. ಇದು ಬೋಗಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಕಿಟಕಿ ಪಕ್ಕದಲ್ಲಿ ಕೂರುತ್ತಿದ್ದ, ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಂಗಸು ನನ್ನ ಜೆರಾಕ್ಸ್ ಹಾಳೆಯನ್ನು ಎತ್ತಿ ಹಿಡಿದು, "ಟೀಚ್ರಮ್ಮ, ಇದ್ರಾಗೆ ಬರ್ದಿರೋದು ಒಂದೂ ತಲೇಗೆ ಓಗ್ಲಿಲ್ಲ. ನೀವು ಉಚ್ಚುರ ಡಾಕ್ಟ್ರಾ?" ಅಂದಳು. ಬೋಗಿ ಗೊಳ್ಳೆಂದಿತು. ನನಗೆ ಸಂತೋಷವೋ ಸಂತೋಷ. ಇಷ್ಟು ಜನ ಒಂದೇ ಕಡೆ ಕಿವಿಗೊಟ್ಟು ಕೂತಿದ್ದನ್ನು ಶಾಲೆ ಬಿಟ್ಟ ಮೇಲೆ ಕಂಡಿರಲಿಲ್ಲ. ಎದ್ದು ನಿಂತು ಕಂಬ ಹಿಡಿದುಕೊಂಡೆ. ಹುಚ್ಚರಿಗಲ್ಲಮ್ಮ, ನಿಮ್ಮಂಥ ನಮ್ಮಂಥವರಿಗೇ ಅಂತ ಶುರು ಮಾಡಿದೆ. ನಾನು ಕಲಿಯುತ್ತಿರುವವಳು ಅಂದೆ, ಕೇಳಿಸಿಕೊಳ್ಳುವುದೇ ನನ್ನ ಕೆಲಸ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಖಗಳು ಸಪ್ಪಗಾಗುತ್ತಿದ್ದವು. ಹಾಳಾದ ನಾಲಿಗೆ, "ಉದಾಹರಣೆಗೆ" ಅಂದಿತು.

ಬ್ಯಾಗು ಅವುಚಿಕೊಂಡು ಅವರು ಬಾಗಿಲ ಹತ್ತಿರ ನಿಂತಿದ್ದರು. ಕಂಡಿದ್ದೆ. ಕಂಡೇ ಹೇಳಿದೆ. ಗುರುತೆಲ್ಲ ಮರೆಮಾಚುತ್ತೇನಲ್ಲ, ಎಷ್ಟು ಜಾಣತನದಿಂದ ಹೇಳುತ್ತೇನೆ ನೋಡಲಿ ಎಂದುಕೊಂಡಿದ್ದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

"ಒಬ್ಬರು ತಾಯಿ. ಮುಳಬಾಗಿಲ ಕಡೆಯೋರು, ಅರವತ್ತು ವರ್ಷ" ಅಂದೆ. ಇವರಿಗೆ ಇನ್ನೂ ನಲವತ್ತಾಗಿರಲಿಲ್ಲ. "ಗ್ಯಾಸ್ ಆರಿಸಿದ್ನೋ ಇಲ್ವೋ ಅಂತ ನಾಲ್ಕು ಸಲ ಮನೆಗೆ ವಾಪಸ್ ಓಡೋರು. ಕೊನೆಗೆ ಏನ್ ಮಾಡಿದ್ರು ಗೊತ್ತಾ? ರೆಗ್ಯುಲೇಟರನ್ನೇ ಕಿತ್ತು ಬ್ಯಾಗಲ್ಲಿ ಹಾಕ್ಕೊಂಡು ಓಡಾಡ್ತಾರೆ!"

ವಯಸ್ಸು ಬದಲಾಯಿಸಿದ್ದೆ, ಊರು ಬದಲಾಯಿಸಿದ್ದೆ. ಬ್ಯಾಗನ್ನು ಯಾಕೆ ಬಿಟ್ಟೆ? ಯಾಕೆಂದರೆ ನಗು ಇದ್ದದ್ದು ಅಲ್ಲೇ.

ನಗು ಬಂತು. ಅಡುಗೆಯ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ ಬಾಗಿಲ ಕಡೆ ತಿರುಗಿ, "ಅಯ್ಯೋ ಅಕ್ಕಾ, ಅದಕ್ಕೇನಾ ನೀನು ಬ್ಯಾಗ್ ಕೊಡಲ್ಲ ಅನ್ನೋದು?" ಎಂದು ತಮಾಷೆಗೆ ಬ್ಯಾಗಿನ ಪಟ್ಟಿ ಎಳೆದಳು. ಬರೀ ತಮಾಷೆ. ಅವರು ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಗಲಿಲ್ಲ. ಎರಡೂ ಕೈಯಿಂದ ಬ್ಯಾಗನ್ನು ಅವುಚಿಕೊಂಡು ಹಿಂದಕ್ಕೆ ಸರಿದರು. ಬ್ಯಾಗು ಕಂಬಕ್ಕೆ ತಗುಲಿ ಠಣ್ ಅಂದಿತು. ಎಲ್ಲರ ಕಣ್ಣೂ ಬ್ಯಾಗಿನ ಮೇಲೆ ಬಿತ್ತು. ಆಮೇಲೆ ಬಂದ ನಗುವಿನಲ್ಲಿ ಮೊದಲಿನ ಬಿಸುಪು ಇರಲಿಲ್ಲ. ಅವರು ಯಾರನ್ನೂ ನೋಡಲಿಲ್ಲ, ನನ್ನನ್ನು ಮಾತ್ರ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

ಮಾರನೆಯ ದಿನಕ್ಕೆ 'ಗ್ಯಾಸಕ್ಕ' ಅಂತ ಹೆಸರು ಬಿದ್ದಿತ್ತು. ಅವರು ಹೆಂಗಸರ ಬೋಗಿಗೆ ಬರುವುದು ಬಿಟ್ಟು ಜನರಲ್ ಬೋಗಿ ಹತ್ತತೊಡಗಿದರು. ನನ್ನ ಕೋಣೆಗೂ ಬರಲಿಲ್ಲ. ಸುದ್ದಿ ಗಂಡನ ಕಿವಿಗೆ ಬಿತ್ತೋ ಇಲ್ಲವೋ, ಮನೆಯಲ್ಲಿ ಏನಾಗುತ್ತಿದೆಯೋ ಅಂತ ಅನ್ನ ಸೇರದಾಯಿತು. ಮೇಡಂ ಎದುರು ಎಲ್ಲ ಹೇಳಿಕೊಂಡೆ. ಅವರು ಕೂಗಾಡಲಿಲ್ಲ. "ಪರಿಚಯ ಮಾಡಿಕೊಡು ಅಂದಿದ್ದು ನಿನ್ನ ಪರಿಚಯವನ್ನಮ್ಮ. ಆಕೆಯದನ್ನಲ್ಲ" ಅಂದರು. ನನ್ನ ಕೋರ್ಸಿನವರಿಗೆ ಅವರೇ ಪತ್ರ ಬರೆದರು. ಎರಡು ತಿಂಗಳು ಆ ಕುರ್ಚಿಯಲ್ಲಿ ಕೂರುವ ಹಾಗಿಲ್ಲ ಅಂತಾಯಿತು. ಸರಿಯಾಗಿಯೇ ಮಾಡಿದರು. "ಆಕೆಯ ಹತ್ತಿರ ಕ್ಷಮೆ ಕೇಳು, ಆದರೆ ಒಂದೇ ಸಲ. ಉತ್ತರಕ್ಕೆ ಕಾಡಬೇಡ" ಎಂದೂ ಹೇಳಿದರು.

ಮೇಡಂ ಹಾಗೆ ಹೇಳಿದ ಮರುದಿನ ನಾನೂ ಜನರಲ್ ಬೋಗಿ ಹತ್ತಿದೆ. ಕೋರಮಂಡಲ್‌ನಲ್ಲಿ ಅವರು ಹತ್ತಿ, ಗಂಡಸರ ನಡುವೆ ಮೈ ಹಿಡಿಮಾಡಿಕೊಂಡು ಬಾಗಿಲ ಪಕ್ಕ ನಿಂತರು. ಸುತ್ತಲಿನವರು ತೂಕಡಿಸುತ್ತಿದ್ದರು. ಗಾಲಿಯ ಸದ್ದಿನಲ್ಲಿ ನಮ್ಮ ಮಾತು ಇನ್ನೊಬ್ಬರಿಗೆ ಕೇಳುವಂತಿರಲಿಲ್ಲ. ಹತ್ತಿರ ಹೋಗಿ, "ಅಕ್ಕ, ತಪ್ಪಾಯಿತು" ಅಂದೆ.

ಅವರು ಹೊರಗೆ ನೋಡುತ್ತಲೇ, "ಓಗ್ಲಿ ಬುಡಿ ಟೀಚ್ರಮ್ಮ. ನೀವೇನ್ ಬೇಕಂತ ಮಾಡಿದ್ರಾ?" ಅಂದರು.

ಇಲ್ಲ ಇಲ್ಲ ಅಂದುಬಿಟ್ಟಿದ್ದರೆ ಎಷ್ಟು ಹಗುರವಾಗುತ್ತಿತ್ತು. ಆದರೆ ಅದೊಂದು ಸುಳ್ಳು ಬಾಯಿಗೆ ಬರಲಿಲ್ಲ. "ಬೇಕಂತಲೇ ಹೇಳಿದೆ ಅಕ್ಕ. ಎಲ್ಲರೂ ನಗಲಿ ಅಂತ."

ಆಗ ಅವರು ನನ್ನ ಕಡೆ ತಿರುಗಿದರು. "ನಿಮ್ಗೂ ಇಂತಾದ್ದು ಏನಾನ ಐತಾ? ಯಾರ್ಗೂ ಯೇಳ್ದೆ ಇರೋದು?"

"ಇದೆ."

"ಯೇಳಿ ಮತ್ತೆ. ನಾನ್ ಕೇಳ್ತೀನಿ."

ಬಾಯಿ ತೆರೆದೆ. ಹದಿನೆಂಟು ವರ್ಷ ಪಾಠ ಮಾಡಿದ ಬಾಯಿ. ಮೊದಲ ಪದ ಯಾವುದೆಂದೂ ಗೊತ್ತಿತ್ತು. ಆ ಪದ ಮಾತ್ರ ಹೊರಗೆ ಬರಲಿಲ್ಲ. ಅವರು ಅವಸರ ಮಾಡಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ಕಾದರು. ಬಂಗಾರಪೇಟೆಯ ಪ್ಲಾಟ್‌ಫಾರಂ ಬರುವವರೆಗೂ ಕಾದರು.

"ಆಗಲ್ಲ, ಅಲ್ವಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೂ ಮೂರ್ ವಾರ ಆಗ್ಲಿಲ್ಲ. ನಿಮ್ ಕುರ್ಚಿ ಮೇಲೆ ಕೂತ್ಕಂಡು ನಲ್ಲಿ ನೀರು, ಅತ್ತೆ ಮಂಡಿ ಅಂತ ಏನೇನೋ ಮಾತಾಡ್ದೆ. ನಾಕನೇ ವಾರ ಯೇಳ್ದೆ. ನೀವು ಎಲ್ಡೇ ನಿಮಿಷ್ದಾಗೆ ಯೇಳ್ಬುಟ್ರಿ."

ರೈಲು ನಿಂತಿತು. ನಾನು ಇಳಿಯಬೇಕಾದ ಊರು, ಇಳಿದೆ.