ಎಣಿಕೆಯಕ್ಕನ ಭಾಗಾಕಾರ

ಆ ಸಂಶೋಧನಾ ಕಾಲೇಜಿನ ಎರಡನೇ ಮಹಡಿಯಲ್ಲಿ, ಮೆಟ್ಟಿಲಿಗೂ ಶೌಚಾಲಯಕ್ಕೂ ನಡುವೆ ಒಂದು ಕೋಣೆ. ಕಟ್ಟುವಾಗ ಪೊರಕೆ, ಬಕೆಟ್ ಇಡಲಿಕ್ಕೆಂದು ಕಟ್ಟಿದ್ದು. ಆಮೇಲೆ ಅಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್ ಮತ್ತು ಒಬ್ಬ ಹೆಂಗಸನ್ನು ತಂದು ಇಟ್ಟರು. ಹತ್ತೊಂಬತ್ತು ವರ್ಷದಿಂದ ಅವಳು ಅಲ್ಲೇ ಇದ್ದಾಳೆ. ಮೇಷ್ಟರುಗಳು ವರ್ಷಕ್ಕೆ ಎಷ್ಟು ಸಂಶೋಧನಾ ಪ್ರಬಂಧ ಬರೆದರು, ಅವನ್ನು ಹೊರಗಿನವರು ತಮ್ಮ ಬರಹದಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂದು ಎಣಿಸಿ ಹಾಳೆ ಕೊಡುವುದು ಅವಳ ಕೆಲಸ. ಬಡ್ತಿ ಆಗುವುದೂ ಆ ಹಾಳೆ ನೋಡಿಯೇ, ಹುದ್ದೆ ಸಿಗುವುದೂ ಆ ಹಾಳೆ ನೋಡಿಯೇ. ಎದುರಿಗೆ ಎಲ್ಲರೂ 'ಮೇಡಂ' ಅನ್ನುತ್ತಾರೆ, ಬೆನ್ನ ಹಿಂದೆ 'ಎಣಿಕೆಯಕ್ಕ'. ಅವಳಿಗೂ ಗೊತ್ತು. ಇನ್ನೂ ಕೆಟ್ಟ ಹೆಸರು ಇಡಬಹುದಿತ್ತು ಬಿಡಿ ಎಂದು ಸುಮ್ಮನಿದ್ದಳು.

ಸುಮ್ಮನಿರಲಾಗದಿದ್ದದ್ದು ಎಣಿಸುವ ಪದ್ಧತಿಯ ವಿಷಯದಲ್ಲಿ. ಒಂದು ಪ್ರಬಂಧದ ನೆತ್ತಿಯ ಮೇಲೆ ಹನ್ನೊಂದು ಹೆಸರಿದ್ದರೆ ಹನ್ನೊಂದು ಜನರ ಹಾಳೆಯಲ್ಲೂ 'ಒಂದು ಪ್ರಬಂಧ' ಎಂದು ಬರೆಯಬೇಕು. ಅದನ್ನು ಇನ್ನೂರು ಕಡೆ ಉಲ್ಲೇಖಿಸಿದರೆ ಹನ್ನೊಂದು ಜನರಿಗೂ ಇನ್ನೂರಿನ್ನೂರು. ಒಂದು ಕೂಸು ಹುಟ್ಟಿದ್ದಕ್ಕೆ ಬೀದಿಯ ಗಂಡಸರೆಲ್ಲ ನಾನೇ ಅಪ್ಪ ಎಂದು ಎದೆ ತಟ್ಟಿಕೊಂಡ ಹಾಗೆ. ಹೋದ ವರ್ಷದ ವರದಿಯಲ್ಲಿ 'ನಮ್ಮ ಸಾಧನೆ: ನಾನೂರ ಹನ್ನೆರಡು ಪ್ರಬಂಧ' ಎಂದು ದಪ್ಪಕ್ಷರದಲ್ಲಿ ಅಚ್ಚಾಯಿತು. ಅವಳು ಒಂದು ಮಧ್ಯಾಹ್ನ ರೋಸಿಹೋಗಿ ಪ್ರತಿಯೊಂದನ್ನೂ ಮುದ್ರಿಸಿ ಮೇಜಿನ ಮೇಲೆ ಪೇರಿಸಿದಳು. ಸಿಕ್ಕಿದ್ದು ನೂರ ಮೂವತ್ತೇಳು.

ಅದರಲ್ಲೂ ನೀರಿನ ವಿಭಾಗದ ಮುಖ್ಯಸ್ಥರ ಹಾಳೆ ತೆಗೆದರೆ ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಆ ವಿಭಾಗದಿಂದ ಹೊರಡುವ ಪ್ರತಿ ಪ್ರಬಂಧದ ಲೇಖಕರ ಸಾಲಿನ ಕೊನೆಯಲ್ಲಿ ಅವರ ಹೆಸರು ಇರಲೇಬೇಕು. ಅದಕ್ಕೇ ಅವರಿಗೆ 'ಕೊನೆಹೆಸರು' ಎಂಬ ಅಡ್ಡಹೆಸರು. ವರ್ಷಕ್ಕೆ ನಲವತ್ತಾರು ಪ್ರಬಂಧ. ಅಂದರೆ ಎಂಟು ದಿನಕ್ಕೊಂದು. ಕಾಲು ಮುರಿದು ಮೂರು ತಿಂಗಳು ಹಾಸಿಗೆ ಹಿಡಿದಾಗಲೂ ಹದಿನಾಲ್ಕು ಬಂದವು. "ಪ್ಲಾಸ್ಟರ್ ಮೇಲೆ ಬರೆದ್ರೇನೋ" ಎಂದು ಅವಳು ಲಿಫ್ಟಿನವನ ಹತ್ತಿರ ಗೊಣಗಿದ್ದಳು.

ಕೊನೆಗೆ ತಡೆಯಲಾರದೆ ಬಡ್ತಿ ಸಮಿತಿಗೆ ಒಂದು ಟಿಪ್ಪಣಿ ಬರೆದಳು. ಒಂದು ಪ್ರಬಂಧಕ್ಕೆ ಒಂದೇ ಅಂಕ. ಎಷ್ಟು ಹೆಸರೋ ಅಷ್ಟು ಪಾಲು. ಐದು ಜನ ಬರೆದರೆ ತಲೆಗೆ ಐದನೇ ಒಂದು. ಹೊರಗಿನ ದೊಡ್ಡ ದೊಡ್ಡ ಎಣಿಕೆದಾರರೆಲ್ಲ ಹೀಗೇ ಭಾಗಿಸಿ ನೋಡುತ್ತಾರೆ, ನಾವು ಯಾಕೆ ನಮಗೆ ನಾವೇ ಟೋಪಿ ಹಾಕಿಕೊಳ್ಳಬೇಕು ಎಂದು ಕೇಳಿದ್ದಳು. ಟಿಪ್ಪಣಿ ಕಸದ ಬುಟ್ಟಿಗೆ ಹೋಗುತ್ತದೆ ಎಂದುಕೊಂಡಿದ್ದಳು. ಸಮಿತಿ ಒಪ್ಪಿಬಿಟ್ಟಿತು. ನಡಾವಳಿಯಲ್ಲಿ 'ಡೀನರ ದೂರದೃಷ್ಟಿಯ ಪ್ರಸ್ತಾವ' ಎಂದು ದಾಖಲಾಯಿತು. ಅವಳು ಅದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ. ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತೇ ಇದ್ದರೂ ಕೂತಷ್ಟು ಹಾಯಾಗಿತ್ತು.

ಮನೆಯಲ್ಲಿ ಮೂರೇ ಜನ. ಅವಳು, ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುವ ಗಂಡ, ಮದುವೆಯ ಗೋಜಿಗೇ ಹೋಗದ ಗಂಡನ ತಂಗಿ. ಈ ನಾದಿನಿ ಅದೇ ಕಾಲೇಜಿನ ನೀರಿನ ವಿಭಾಗದಲ್ಲಿ ಹದಿನಾರು ವರ್ಷದಿಂದ ಪ್ರಯೋಗಾಲಯ ಸಹಾಯಕಿ. 'ಹಿರಿಯ ತಂತ್ರಜ್ಞೆ' ಎಂಬ ಹುದ್ದೆ ಒಂದು ಖಾಲಿ ಇತ್ತು. ಅದಕ್ಕೆ ಅರ್ಜಿ ಹಾಕಲು ಮೂರು ಪ್ರಬಂಧದಲ್ಲಿ ಹೆಸರಿರಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಹೆಸರು ಎರಡರಲ್ಲಿತ್ತು. ವಯಸ್ಸು ವರ್ಷದ ಕೊನೆಗೆ ದಾಟುತ್ತಿತ್ತು. ಮೂರನೆಯ ಪ್ರಬಂಧವನ್ನು ಅವಳ ಪ್ರಯೋಗಾಲಯದ ಮೇಷ್ಟರು ಬರೆಯುತ್ತಿದ್ದರು.

ನಿಯಮ ಬಂದು ಎರಡು ವಾರವಾಗಿರಬೇಕು. ಅಡುಗೆಮನೆಯಲ್ಲಿ ನಾದಿನಿ ಬೀನ್ಸ್ ಹೆಚ್ಚುತ್ತಿದ್ದಳು. ಹೆಚ್ಚುತ್ತಿದ್ದಳು ಅನ್ನುವುದಕ್ಕಿಂತ ಕೊಚ್ಚುತ್ತಿದ್ದಳು.

"ಏನೇ, ಬೀನ್ಸ್ ಮೇಲೆ ಏನು ಸಿಟ್ಟು?"

"ಬೀನ್ಸ್ ಮೇಲಲ್ಲ ಅತ್ತಿಗೆ, ನಿಮ್ಮ ಮೇಲೆ."

"ನಾನೇನು ಮಾಡಿದೆ?"

"ಭಾಗಾಕಾರ ಮಾಡಿದ್ರಲ್ಲ. ಆ ಮೂರನೇ ಪ್ರಬಂಧದಿಂದ ನನ್ನ ಹೆಸರು ತೆಗೆದುಹಾಕಿದ್ರು. ಮೊದಲು ಐದು ಹೆಸರಿತ್ತು. ಈಗ ಎರಡೇ. ನಮ್ಮ ಮೇಷ್ಟ್ರೊಬ್ರು, ಕೊನೆಹೆಸರೊಬ್ರು. ಅರ್ಧ ಅರ್ಧ."

ಎಣಿಕೆಯಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಬಿಡಬೇಕಾದ್ದು ಕೊನೆಹೆಸರನ್ನಲ್ವಾ?"

"ಅವರ ಹೆಸರು ತೆಗೆಯೋಕೆ ಯಾರಿಗೆ ಎದೆಗಾರಿಕೆ ಇದೆ? ಮೊದಲು ನನ್ನ ಹೆಸರು ಹಾಕಿದ್ರೆ ಯಾರಿಗೂ ಏನೂ ಕಳಕೊಳ್ಳೋದಿರಲಿಲ್ಲ. ಬಿಟ್ಟಿ ಹೆಸರು, ಇರಲಿ ಪಾಪ ಅಂತ ಹಾಕೋರು. ಈಗ ನಾನೂ ಒಬ್ಬಳು ಸೇರಿದ್ರೆ ಅವರ ಪಾಲು ಕರಗುತ್ತೆ. ನಿಮ್ಮ ನ್ಯಾಯ ಬಂದು ಕೂತಿದ್ದು ನನ್ನ ತಲೆ ಮೇಲೆ."

"ಕೃತಜ್ಞತೆಯಲ್ಲಾದ್ರೂ..."

"ಇದೆ. 'ಪ್ರಯೋಗಾಲಯದ ಸಿಬ್ಬಂದಿಗೆ' ಅಂತ. ಪಾತ್ರೆ ತೊಳೆಯೋ ಸೋಪಿಗೂ ಹೇಳಬಹುದಿತ್ತು."

ಒಳಗಿನ ಕೋಣೆಯಿಂದ ಗಂಡ ಕೂಗಿದ: "ಇಂಜಿನ್ ರಿಪೇರಿ ಮಾಡೋಕೆ ಹೋಗಿ ಬ್ರೇಕ್ ಬಿಚ್ಚಿಟ್ಟಿದೀಯ ಅಂತ ಆಯ್ತು."

"ನೀವು ಸ್ವಲ್ಪ ಬಾಯಿ ಮುಚ್ಚಿ!" ಎಂದು ಅತ್ತಿಗೆ ನಾದಿನಿ ಒಂದೇ ಉಸಿರಿಗೆ ಅಂದರು. ಆ ದಿನ ಇಬ್ಬರೂ ಒಪ್ಪಿದ್ದು ಅದೊಂದೇ.

ಆ ಪ್ರಬಂಧದ ಕೆಲಸ ಯಾರದ್ದು ಎಂದು ವಿಭಾಗದ ಗೋಡೆಗೂ ಗೊತ್ತಿತ್ತು. ಊರಿನ ನಲ್ಲಿ ನೀರಿನಲ್ಲಿ ಸೀಸ ಎಷ್ಟಿದೆ ಎಂಬ ಲೆಕ್ಕ. ಎರಡು ಸಾವಿರದ ಮುನ್ನೂರು ಬಾಟಲಿ ನೀರನ್ನು ಮನೆಮನೆಗೆ ಹೋಗಿ ಹಿಡಿದು ತಂದವಳು ನಾದಿನಿ, ಯಂತ್ರಕ್ಕೆ ಕೊಟ್ಟು ಅಳೆದವಳೂ ನಾದಿನಿ. ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಆರುನೂರು ಬಾಟಲಿಯಲ್ಲಿ ಸೀಸ ಮಿತಿಮೀರಿ ತೋರಿಸಿತು. ಮೇಷ್ಟರು 'ಕಾಲು ಊರಿಗೆ ವಿಷ' ಎಂದು ಬರೆಯಲು ಕೂತೇಬಿಟ್ಟಿದ್ದರು. ನಾದಿನಿಗೆ ಅನುಮಾನ ಬಂತು. ಆ ಬಾಟಲಿಗಳ ಮುಚ್ಚಳ ಹೊಸ ಪೆಟ್ಟಿಗೆಯದು. ಅದೇ ಮುಚ್ಚಳ ಹಾಕಿ ಶುದ್ಧ ನೀರು ತುಂಬಿಟ್ಟಳು. ಶುದ್ಧ ನೀರೂ ವಿಷ ತೋರಿಸಿತು. ಸೀಸ ಇದ್ದದ್ದು ಮುಚ್ಚಳದ ಒಳಗಿನ ರಬ್ಬರಿನಲ್ಲಿ. ಆರುನೂರನ್ನೂ ಚೆಲ್ಲಿ, ಮತ್ತೆ ಆರುನೂರು ಬಾಗಿಲು ಬಡಿದು, 'ಮತ್ತೆ ಬಂದ್ಯಾ ತಾಯಿ' ಅನ್ನಿಸಿಕೊಂಡು ಹೊಸ ನೀರು ತಂದಳು.

ಮಾರನೇ ದಿನ ಎಣಿಕೆಯಕ್ಕ ಕೊನೆಹೆಸರಿನ ಕೋಣೆಗೆ ಹೋದಳು. ಅವರು ಎದ್ದು ನಿಂತು ಕುರ್ಚಿ ತೋರಿಸಿದರು. ಆ ಮರ್ಯಾದೆ ನೋಡಿಯೇ ಅವಳಿಗೆ ಕೆಲಸ ಕೆಟ್ಟಿತು ಅನ್ನಿಸಿತು.

"ಬನ್ನಿ ಮೇಡಂ. ನಿಮ್ಮ ನಿಯಮದಿಂದ ನಮಗೆಲ್ಲ ಶಿಸ್ತು ಬಂತು ನೋಡಿ. ಅನಾವಶ್ಯಕ ಹೆಸರೆಲ್ಲ ತೆಗೆದ್ವಿ."

"ಅದು ಡೀನರ ನಿಯಮ ಅಂತ ಬರೆದಿದೆ ಸಾರ್."

"ಹೊಗಳೋವಾಗ ಡೀನರದ್ದು. ಬಯ್ಯೋವಾಗ ಎಲ್ಲರೂ ನಿಮ್ಮದೇ ಅಂತಾರೆ."

"ಮುಚ್ಚಳದ ದೋಷ ಕಂಡುಹಿಡಿದೋರು ಅನಾವಶ್ಯಕಾನಾ ಸಾರ್?"

"ಬಾಟಲಿ ತುಂಬೋದು ಬೇರೆ, ಬರೆಯೋದು ಬೇರೆ. ಅಂದಹಾಗೆ, ಆಕೆ ನಿಮಗೆ ಏನಾಗಬೇಕು?"

ಗೊತ್ತಿದ್ದೂ ಕೇಳಿದ ಪ್ರಶ್ನೆ. ಎಣಿಕೆಯಕ್ಕ ಎದ್ದು ಬಂದಳು. ಮೆಟ್ಟಿಲಿಳಿಯುವಾಗ ಹೇಳಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ಬಂದವು. ಹಾಳಾದ್ದು, ಯಾವಾಗಲೂ ಮೆಟ್ಟಿಲಲ್ಲೇ ಬರುತ್ತವೆ.

ಪ್ರಬಂಧ ಎರಡೇ ಹೆಸರು ಹೊತ್ತು ಪತ್ರಿಕೆಗೆ ಹೋಯಿತು. ಮೂರು ತಿಂಗಳು ನಾದಿನಿ ಮನೆಯಲ್ಲಿ ಮಾತು ಕಡಿಮೆ ಮಾಡಿದಳು, ಬಾಗಿಲು ಹಾಕುವ ಸದ್ದು ಜಾಸ್ತಿ ಮಾಡಿದಳು. ಆಮೇಲೆ ಪತ್ರಿಕೆಯಿಂದ ಉತ್ತರ ಬಂತು. ಪರಿಶೀಲಿಸಿದ ತಜ್ಞರಿಬ್ಬರೂ ಕೇಳಿದ್ದು ಒಂದೇ: ಆ ಆರುನೂರು ಮಾದರಿಗಳನ್ನು ಯಾಕೆ ಕೈಬಿಟ್ಟಿರಿ, ದೋಷ ಮುಚ್ಚಳದ್ದೇ ಎಂದು ಹೇಗೆ ಖಚಿತಪಡಿಸಿದಿರಿ, ದಿನದಿನದ ಅಳತೆ ಕೊಡಿ. ಹದಿನೈದು ದಿನದ ಗಡುವು.

ದಿನದಿನದ ಅಳತೆ ಇದ್ದದ್ದು ನಾದಿನಿಯ ಐದು ರಿಜಿಸ್ಟರುಗಳಲ್ಲಿ. ಮೇಷ್ಟರು ಒಂದನ್ನು ತೆರೆದು ನೋಡಿ ಬೆವರಿದರು. ನಾದಿನಿ ಮನೆಗಳನ್ನು ನಂಬರಿನಿಂದ ಗುರುತಿಸುವವಳಲ್ಲ. ಬಾಗಿಲು, ನಾಯಿ, ಮುದುಕಿ, ಇವುಗಳಿಂದ ಗುರುತಿಸುವವಳು. 'ನೀ.ಬಾ.ಕ.ನಾ' ಅಂದರೆ ನೀಲಿ ಬಾಗಿಲು, ಕಚ್ಚುವ ನಾಯಿ. 'ಬೈ.ಮು. ೨' ಅಂದರೆ ಬೈಯುವ ಮುದುಕಿಯ ಮನೆಯಲ್ಲಿ ಎರಡನೇ ಸಲ ಹಿಡಿದದ್ದು. ಪುಟಗಟ್ಟಲೆ ಹೀಗೇ. ಕೊನೆಹೆಸರು ಕನ್ನಡಕ ಒರೆಸಿ ಒರೆಸಿ ನೋಡಿದರು. ನಂತರ ಅವಳನ್ನು ಕರೆಸಿದರು.

ಅಲ್ಲಿ ನಡೆದದ್ದನ್ನು ನಾದಿನಿ ಮನೆಯಲ್ಲಿ ಅಭಿನಯಿಸಿಯೇ ತೋರಿಸಿದಳು.

"'ಇದನ್ನೆಲ್ಲ ಬಿಡಿಸಿ ಬರೆದು ಕೊಡಮ್ಮ' ಅಂದ್ರು. ಕೊಡ್ತೀನಿ ಸಾರ್, ಆದ್ರೆ ನಾನು ಬರೀ ಬಾಟಲಿ ತುಂಬೋಳು, ಬರೆಯೋದು ಬೇರೆ ಕೆಲಸ ಅಲ್ವಾ ಅಂದೆ."

"ಹಾಗೇ ಅಂದ್ಯಾ?"

"ಅಂದೆ ಅತ್ತಿಗೆ. 'ಹೆಸರು ಸೇರಿಸಿದ್ರೆ ನಾಳೆ ಬೆಳಿಗ್ಗೆ ಕೊಡ್ತೀನಿ, ಇಲ್ಲಾಂದ್ರೆ ಆ ನಾಯಿ ಹತ್ರಾನೇ ಹೋಗಿ ಕೇಳಿ' ಅಂದೆ."

ಹೆಸರು ಬಂತು. ಮೇಷ್ಟರು, ನಾದಿನಿ, ಕೊನೆಹೆಸರು. ಪ್ರಬಂಧ ಸ್ವೀಕಾರವಾಯಿತು. ನಾದಿನಿಗೆ ನಲವತ್ತೈದು ದಾಟಲು ಆರು ವಾರ ಇತ್ತು. ಅರ್ಜಿ ಹಾಕಿದಳು.

ನಾಲ್ಕನೇ ದಿನ ಸಿಬ್ಬಂದಿ ಶಾಖೆಯ ಗುಮಾಸ್ತ ಎಣಿಕೆಯಕ್ಕನ ಕೋಣೆಗೆ ಒಂದು ಚೀಟಿ ಹಿಡಿದು ಬಂದ.

"ಮೇಡಂ, ಈ ಅಭ್ಯರ್ಥಿದು ಹೊಸ ನಿಯಮದ ಪ್ರಕಾರ ಎಣಿಸಿ ಕೊಡಬೇಕಂತೆ."

"ಮೂರು ಪ್ರಬಂಧ ಇದೆಯಲ್ಲಪ್ಪ, ಎಣಿಸೋದೇನು?"

"ಭಾಗಿಸಿ ಕೊಡಬೇಕಂತೆ. ನಿಯಮ ಎಲ್ಲರಿಗೂ ಒಂದೇ ಅಂದ್ರು ಸಮಿತಿಯವರು." ಪಾಪ, ಅವನು ನೆಲ ನೋಡುತ್ತ ಹೇಳಿದ.

ಮೊದಲನೆಯದರಲ್ಲಿ ಆರು ಹೆಸರು, ಎರಡನೆಯದರಲ್ಲಿ ಐದು, ಮೂರನೆಯದರಲ್ಲಿ ಮೂರು. ಆರನೇ ಒಂದು, ಐದನೇ ಒಂದು, ಮೂರನೇ ಒಂದು. ಕೂಡಿದಳು. ಸೊನ್ನೆ ಬಿಂದು ಏಳು. ಬೇಕಾದದ್ದು ಮೂರು. ಇನ್ನೊಮ್ಮೆ ಕೂಡಿದಳು, ಬೆರಳಿನಲ್ಲಿ ಕೂಡಿದಳು. ಹದಿನಾರು ವರ್ಷ ದುಡಿದ ಹೆಂಗಸು ಮುಕ್ಕಾಲು ಪ್ರಬಂಧವೂ ಅಲ್ಲ. ತಾನೇ ಬರೆದ ನಿಯಮ, ತಾನೇ ಮಾಡಿದ ಲೆಕ್ಕ, ತಾನೇ ಸಹಿ ಹಾಕಬೇಕು. ಇಂಥ ಅಚ್ಚುಕಟ್ಟಾದ ಮೂರ್ಖತನವನ್ನು ಬೇರೆ ಯಾರೂ ತನಗಾಗಿ ಮಾಡಿಕೊಡಲು ಸಾಧ್ಯವಿರಲಿಲ್ಲ.

ಸಹಿ ಹಾಕಲಿಲ್ಲ. 'ಮೂರು' ಎಂದು ಸುಳ್ಳು ಹಾಳೆ ಮಾಡಬಹುದಿತ್ತು. ಆದರೆ ಅತ್ತಿಗೆಯೇ ನಾದಿನಿಗೆ ಬರೆದುಕೊಟ್ಟಳು ಎಂದು ಮಾರನೇ ದಿನವೇ ಇಬ್ಬರನ್ನೂ ಬೀದಿಗೆ ಎಳೆಯುತ್ತಿದ್ದರು. ಗುಮಾಸ್ತನ ಮಾತು ತಲೆಯೊಳಗೆ ನೊಣದ ಹಾಗೆ ಸುತ್ತುತ್ತಿತ್ತು. ನಿಯಮ ಎಲ್ಲರಿಗೂ ಒಂದೇ. ಸರಿ, ಒಂದೇ ಆಗಲಿ.

ಇಲ್ಲಿಯವರೆಗೆ ಭಾಗಾಕಾರವನ್ನು ಹೊಸ ಬಡ್ತಿಗಳಿಗೆ ಮಾತ್ರ ಹಚ್ಚಿದ್ದರು. ಕುರ್ಚಿಯಲ್ಲಿ ಕೂತವರ ಹಾಳೆಯನ್ನು ಯಾರೂ ಕೇಳಿರಲಿಲ್ಲ. ಮುಖ್ಯಸ್ಥರಾಗಿ ಮುಂದುವರಿಯಲು ವರ್ಷಕ್ಕೆ ಹತ್ತು ಪ್ರಬಂಧ ಬೇಕು. ಅವಳು ಕೊನೆಹೆಸರಿನ ನಲವತ್ತಾರನ್ನೂ ಭಾಗಿಸಿದಳು. ಏಳು ಹೆಸರು, ಐದು ಹೆಸರು, ಒಂದರಲ್ಲಿ ಹದಿನಾಲ್ಕು. ಮೊತ್ತ ಏಳೂವರೆ. ಡೀನರದ್ದನ್ನೂ ಮಾಡಿದಳು, ನಾಲ್ಕು. ಇವರಿಬ್ಬರೂ ಸೇರಿ ಸಮಿತಿಯಲ್ಲಿದ್ದ ಏಳು ಜನರಲ್ಲಿ ಹತ್ತು ಮುಟ್ಟಿದವರು ಒಬ್ಬರು, ಅದೂ ಒಂಟಿಯಾಗಿ ಬರೆಯುವ ಗಣಿತದ ಮುದುಕರು.

ಎಲ್ಲ ಹಾಳೆಗಳನ್ನೂ ಒಂದೇ ಕಡತದಲ್ಲಿ ಕಟ್ಟಿದಳು. ಎಲ್ಲಕ್ಕಿಂತ ಮೇಲೆ ನಾದಿನಿಯ ಹಾಳೆ, ಸೊನ್ನೆ ಬಿಂದು ಏಳು. ಮುಂದೆ ಒಂದು ಪತ್ರ: 'ಅಭ್ಯರ್ಥಿ ನನ್ನ ಗಂಡನ ತಂಗಿ. ಆದ್ದರಿಂದ ನಿರ್ಧಾರ ಸಮಿತಿಯದೇ ಆಗಲಿ. ನಿಯಮ ಎಲ್ಲರಿಗೂ ಒಂದೇ ಎಂದು ತಿಳಿಸಿದ್ದರಿಂದ ಎಲ್ಲರದ್ದನ್ನೂ ಎಣಿಸಿ ಲಗತ್ತಿಸಿದ್ದೇನೆ. ಹೊಸ ಹುದ್ದೆಗೂ ಹಳೆಯ ಹುದ್ದೆಗೂ ಇದೇ ಲೆಕ್ಕ ಹಚ್ಚಬೇಕೇ, ಬರಹದಲ್ಲಿ ತಿಳಿಸಿ.'

ಸಮಿತಿ ಬಾಗಿಲು ಹಾಕಿಕೊಂಡು ಎರಡು ಗಂಟೆ ಕೂತಿತು. ಮಧ್ಯೆ ಎರಡು ಸಲ ಚಹಾ ಹೋಯಿತು. ಕೊನೆಹೆಸರು ಒಮ್ಮೆ ಹೊರಗೆ ಬಂದು, ಬಾಗಿಲ ಬಳಿ ಕಾಯುತ್ತಿದ್ದ ಅವಳನ್ನು ನೋಡಿದರು.

"ಇದೇನ್ ಮೇಡಂ, ಬೆದರಿಕೆನಾ?"

"ಲೆಕ್ಕ ಸಾರ್. ತಪ್ಪಿದ್ರೆ ತೋರಿಸಿ, ತಿದ್ದುತೀನಿ."

"ನಿಮಗೆ ಏನು ಬೇಕು, ನೇರವಾಗಿ ಹೇಳಿ."

"ಹದಿನಾರು ವರ್ಷ ದುಡಿದೋಳಿಗೆ ಅರ್ಜಿ ಹಾಕೋಕೆ ಬಿಡಿ ಸಾರ್. ಹುದ್ದೆ ಕೊಡಿ ಅಂತ ಕೇಳ್ತಿಲ್ಲ."

ಅವರು ಒಳಗೆ ಹೋದರು. ಸಂಜೆ ನಾಲ್ಕಕ್ಕೆ ಸ್ಪಷ್ಟೀಕರಣ ಹೊರಬಿತ್ತು: 'ನಿಯಮಾವಳಿಯಲ್ಲಿ ಪ್ರಬಂಧ ಎಂದು ಇರುವ ಕಡೆಯೆಲ್ಲ ಹೆಸರಿದ್ದರೆ ಒಂದು ಎಂದೇ ಪರಿಗಣಿಸುವುದು. ಭಾಗಾಕಾರವನ್ನು ಅಧ್ಯಯನದ ಉದ್ದೇಶಕ್ಕಾಗಿ ಮಾತ್ರ ಬಳಸುವುದು.' ಅಧ್ಯಯನದ ಉದ್ದೇಶ ಅಂದರೆ ಕಪಾಟು. ಅವಳ ನಿಯಮ ಏಳು ತಿಂಗಳು ಬದುಕಿ ಸತ್ತಿತ್ತು.

ನಾದಿನಿ ಸುದ್ದಿ ಕೇಳಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. "ಅತ್ತಿಗೆ, ನಾನು ಮೂರು!"

"ಹೌದು ಕಣೇ. ಅವರೂ ನಲವತ್ತಾರು."

"ನಿಮಗೆ ಬೇಜಾರಾ?"

"ಬೇಜಾರಲ್ಲ, ಮೈ ಉರೀತಾ ಇದೆ. ಹಳೇ ಲೆಕ್ಕ ಸುಳ್ಳು ಅಂತ ಗೊತ್ತಿದ್ದೂ ಅದನ್ನೇ ನಾನು ಕೇಳಿ ವಾಪಸ್ ತರಿಸಿಕೊಂಡೆ."

"ನನ್ನ ಮೂರು ಸುಳ್ಳಾ?"

"ನಿನ್ನದು ಒಂದೂ ಸುಳ್ಳಲ್ಲ. ಅವರದ್ದು ನಲವತ್ತು ಸುಳ್ಳು. ಎರಡನ್ನೂ ಬೇರೆ ಮಾಡೋಕೆ ನನ್ನ ಹತ್ರ ಭಾಗಾಕಾರ ಬಿಟ್ಟು ಬೇರೆ ಏನೂ ಇರಲಿಲ್ಲ. ಅದು ಎಷ್ಟು ಹೆಸರು ಅಂತ ಕೇಳುತ್ತೆ, ಯಾರು ಬಾಗಿಲು ಬಡಿದರು ಅಂತ ಕೇಳಲ್ಲ. ಅಷ್ಟೂ ಹೊಳೀಲಿಲ್ಲ ನನ್ನ ಮಣ್ಣು ತಲೆಗೆ." ಅವಳು ಹೊಸ ಹಾಳೆ ತೆಗೆದು 'ಮೂರು' ಎಂದು ಬರೆದಳು. ಅಭ್ಯರ್ಥಿ ತನ್ನ ಸಂಬಂಧಿ ಎಂದು ಬರೆದುಕೊಟ್ಟ ಮೇಲೆ ಈ ಹಾಳೆಗೆ ಸಹಿ ಮಾಡುವುದು ಕುಲಸಚಿವರ ಕೆಲಸ. ಆ ಜಾಗ ಖಾಲಿ ಬಿಟ್ಟಳು. "ತಗೊಂಡು ಓಡು. ಅವರ ಕಚೇರಿ ಐದಕ್ಕೆ ಮುಚ್ಚುತ್ತೆ. ಸಂದರ್ಶನದಲ್ಲಿ ಕೆಲಸ ಯಾರದ್ದು ಅಂತ ಕೇಳಿದ್ರೆ 'ನಮ್ಮದು' ಅನ್ನಬೇಡ, 'ನನ್ನದು' ಅನ್ನು. ಕಲಿತುಕೋ."

ನಾದಿನಿ ಓಡಿದಳು. ಎಣಿಕೆಯಕ್ಕ ಕೊನೆಹೆಸರಿನ ಹಾಳೆಯನ್ನು ಎಳೆದುಕೊಂಡು, ಏಳೂವರೆಯನ್ನು ಹೊಡೆದುಹಾಕಿ, ಹಲ್ಲು ಕಚ್ಚಿ 'ನಲವತ್ತಾರು' ಎಂದು ಬರೆದು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.